ಪದಬಂಧವೂ ಕಾವ್ಯಪಾಠವೂ

ವೃತ್ತಪತ್ರಿಕೆಯ ಮೂಲೆಯಲ್ಲಿ ಕಪ್ಪು ಬಿಳುಪು ಚೌಕಗಳ ಆ ಪುಟ್ಟ ಚಿತ್ರವನ್ನು ಕಂಡೊಡನೆ ಪೆನ್ಸಿಲಿಗಾಗಿ ಜೇಬು ತಡಕುವವರು ನಮ್ಮ ಊರುಗಳಲ್ಲಿ ಕಡಮೆಯಿಲ್ಲ. ಪದಬಂಧವೆಂದರೆ ಬಸ್ಸಿಗೆ ಕಾಯುವ ಹೊತ್ತಿನ ವಿನೋದ, ನಿವೃತ್ತರ ಮಧ್ಯಾಹ್ನದ ಕಾಲಕ್ಷೇಪ ಎಂದೇ ನಾವು ಬಗೆದಿದ್ದೇವೆ. ಇಂಥದನ್ನು ಪಂಪ ರನ್ನರ ಪಾಠ ನಡೆಯುವ ಕೊಠಡಿಯೊಳಕ್ಕೆ ಕರೆತರುವುದು ಉಚಿತವೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಒಮ್ಮೆ ಕೇಳಿದ್ದರು. ಆಗ ನಾನು ಕೊಟ್ಟ ಉತ್ತರ ಅವಸರದ್ದು. ಇಂದು ಸ್ವಲ್ಪ ಸಾವಧಾನವಾಗಿ ಹೇಳಬಹುದೆಂದು ತೋರುತ್ತದೆ.

ಪದಬಂಧ ಹುಟ್ಟಿದ್ದು ಪತ್ರಿಕೆಯ ಕಚೇರಿಯಲ್ಲಿ, 1913ರ ಡಿಸೆಂಬರ್ 21ರ ಭಾನುವಾರ. 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ವಿನೋದದ ಪುರವಣಿಯಲ್ಲಿ, ಲಿವರ್‌ಪೂಲಿನಿಂದ ವಲಸೆಹೋಗಿದ್ದ ಆರ್ಥರ್ ವಿನ್ ಎಂಬಾತ ವಜ್ರಾಕೃತಿಯ ಒಂದು ಬಂಧವನ್ನು ಅಚ್ಚುಹಾಕಿಸಿದ. 1924ರಲ್ಲಿ ಅದು ಪುಸ್ತಕರೂಪ ತಾಳಿ ಅಮೆರಿಕವನ್ನೆಲ್ಲ ಮರುಳುಗೊಳಿಸಿತು. ಲಂಡನ್ನಿನ ಗಂಭೀರ ಪತ್ರಿಕೆ 'ಟೈಮ್ಸ್' ಮಣಿದದ್ದು 1930ರ ಫೆಬ್ರವರಿಯಲ್ಲಿ.

ಈ ಚರಿತ್ರೆಯಲ್ಲಿ ನಮಗೆ ಹತ್ತಿರದವನೊಬ್ಬನಿದ್ದಾನೆ. ಎಡ್ವರ್ಡ್ ಪೋವಿಸ್ ಮೇಥರ್ಸ್ ಎಂಬ ಆಂಗ್ಲ ಕವಿ 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೆ 'ಅಬ್ಸರ್ವರ್' ಪತ್ರಿಕೆಗೆ 'ಟಾರ್ಕೆಮಾಡ' ಎಂಬ ಹೆಸರಿನಲ್ಲಿ ಪದಬಂಧಗಳನ್ನು ರಚಿಸಿದ. ಟಾರ್ಕೆಮಾಡನೆಂದರೆ ಸ್ಪೇನಿನ ಧರ್ಮವಿಚಾರಣೆಯ ಕ್ರೂರ ಅಧಿಕಾರಿ. ಪರೀಕ್ಷಕರಿಗೆ ಒಪ್ಪುವ ಕಾವ್ಯನಾಮವೇ ಸರಿ. ನೇರ ಅರ್ಥವನ್ನು ಸುಳಿವಾಗಿ ಕೊಡುವುದನ್ನು ಬಿಟ್ಟು, ಶ್ಲೇಷೆ, ವ್ಯತ್ಯಸ್ತಾಕ್ಷರ, ಕಾವ್ಯಗಳ ನೆನಪು ಇವುಗಳಿಂದ ಸುಳಿವನ್ನು ಹೆಣೆಯುವ ಗೂಢ ಪದಬಂಧಕ್ಕೆ ಅವನೇ ಬಹುಮಟ್ಟಿಗೆ ಜನಕ. ತನ್ನ ಮೊದಲ ಸಂಕಲನದಲ್ಲಿ ಅವನು ಸುಳಿವುಗಳನ್ನು ಪ್ರಾಸಬದ್ಧ ಪದ್ಯಗಳಲ್ಲೇ ಕೊಟ್ಟಿದ್ದ. ಇದೇ ಮೇಥರ್ಸ್ 1919ರಲ್ಲಿ ಪ್ರಕಟಿಸಿದ್ದ ಕವಿತೆ, ಬಿಲ್ಹಣನದೆಂದು ಹೇಳಲಾಗುವ 'ಚೌರಪಂಚಾಶಿಕೆ'ಯ ಇಂಗ್ಲಿಷ್ ರೂಪ. ಬಿಲ್ಹಣ ಕಾಶ್ಮೀರದವನಾದರೂ ಅವನನ್ನು ವಿದ್ಯಾಪತಿಯೆಂದು ಮನ್ನಿಸಿದವನು ನಮ್ಮ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಗೂಢ ಪದಬಂಧದ ಮೂಲಪುರುಷನ ಮೇಜಿನ ಮೇಲೆ ನಮ್ಮ ಆಸ್ಥಾನಕವಿಯೊಬ್ಬನ ನೆರಳು ಬಿದ್ದಿತ್ತೆಂಬುದು ನನಗಂತೂ ಪುಳಕ ತಂದ ಸಂಗತಿ. ಮೇಥರ್ಸನ ಸ್ಥಾನಕ್ಕೆ ಬಂದ ಮ್ಯಾಕ್ನಟ್, 'ಕ್ಸಿಮೆನೆಸ್' ಎಂಬ ಹೆಸರಿನಲ್ಲಿ ಬರೆದವನು, ವೃತ್ತಿಯಿಂದ ಗ್ರೀಕ್ ಲ್ಯಾಟಿನ್ ಕಲಿಸುವ ಶಾಲಾ ಉಪಾಧ್ಯಾಯ. ಅವನು 1966ರಲ್ಲಿ ಪದಬಂಧದ ಕಲೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಸುಳಿವು ಎಷ್ಟೇ ಗೂಢವಾಗಿರಲಿ, ನ್ಯಾಯವಾಗಿರಬೇಕು, ಅದರಲ್ಲಿ ವ್ಯರ್ಥಪದವಿರಕೂಡದು ಎಂಬುದು ಅವನ ಶಾಸನ.

ಗೂಢ ಎಷ್ಟರಮಟ್ಟಿಗೆ ನ್ಯಾಯ ಎಂಬ ಈ ಪ್ರಶ್ನೆ ನಮ್ಮವರಿಗೆ ಹೊಸದೇ? ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳಲ್ಲಿ ಪ್ರಹೇಳಿಕೆ, ಅಂದರೆ ಒಗಟು, ಸೇರಿದೆ, ಕಾವ್ಯಸಮಸ್ಯಾಪೂರಣವೂ ಸೇರಿದೆ. ನಮ್ಮ ಕವಿರಾಜಮಾರ್ಗಕ್ಕೆ ಆದರ್ಶನಾದ ದಂಡಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಎಣಿಸಿ, ಗೋಷ್ಠಿಯ ವಿನೋದಕ್ಕೂ ಜನಸಂದಣಿಯ ನಡುವೆ ಗುಟ್ಟಿನ ಮಾತಿಗೂ ಅವು ಒದಗುತ್ತವೆಂದು ಉದಾರವಾಗಿ ಒಪ್ಪಿಕೊಂಡ. ಭಾಮಹನಿಗೆ ಅಷ್ಟು ಸಹನೆಯಿರಲಿಲ್ಲ. ವ್ಯಾಖ್ಯಾನವಿಲ್ಲದೆ ತಿಳಿಯದ ಕಾವ್ಯ ಪಂಡಿತರಿಗೆ ಹಬ್ಬ, ಉಳಿದವರಿಗೆ ಹಾನಿ ಎಂಬುದು ಅವನ ನಿಲುವು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದ ಸರ್ವತೋಭದ್ರವನ್ನು ನೋಡಿ. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳನ್ನು ಒಂದರ ಕೆಳಗೊಂದು ಬರೆದು, ಅವನ್ನೇ ಕೆಳಗಿನಿಂದ ಮೇಲಕ್ಕೆ ಮತ್ತೆ ಬರೆದರೆ 64 ಮನೆಗಳ ಚೌಕವಾಗುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ, ಹೇಗೆ ಓದಿದರೂ ಅದೇ ಪಾದಗಳು. ಪದಬಂಧದ ಮುತ್ತಜ್ಜ ಇದಲ್ಲದೆ ಮತ್ತಾವುದು! ಆದರೆ ಆನಂದವರ್ಧನ ಇಂಥ ಚಿತ್ರಗಳನ್ನು ಕಾವ್ಯವೆನ್ನಲೊಪ್ಪದೆ, ಕಾವ್ಯದ ಅನುಕರಣೆಯೆಂದು ಬದಿಗಿಟ್ಟ.

ಈ ಪೂರ್ವಪಕ್ಷ ಸಿದ್ಧಾಂತಗಳೆಲ್ಲ ನೆನಪಾದದ್ದು ನಾನೇ ಪದಬಂಧ ಹೆಣೆಯಲು ಕುಳಿತಾಗ. ಕಾಲೇಜಿನಲ್ಲಿ ನನ್ನ ಮೊದಲ ವರ್ಷಗಳಲ್ಲಿ ಛಂದಸ್ಸಿನ ಪಾಠವೆಂದರೆ ಬಾಯಿಪಾಠ. ನಾಗವರ್ಮ ತನ್ನ ಛಂದೋಂಬುಧಿಯಲ್ಲಿ ಮಡದಿಯನ್ನು ಸಂಬೋಧಿಸಿ, ವೃತ್ತದ ಲಕ್ಷಣವನ್ನು ಆ ವೃತ್ತದಲ್ಲಿಯೇ ಹೇಳಿ, ಲಕ್ಷ್ಯ ಲಕ್ಷಣಗಳನ್ನು ಒಂದುಗೂಡಿಸಿದ್ದ. ನಮ್ಮ ಪರೀಕ್ಷಾ ಕೈಪಿಡಿಗಳು ಅವೆರಡನ್ನೂ ಮತ್ತೆ ಬೇರ್ಪಡಿಸಿದ್ದವು. ಬೇಸತ್ತು ಒಂದು ದಿನ ಹಲಗೆಯ ಮೇಲೆ ಚೌಕ ಎಳೆದೆ.

ಎಳೆದಮೇಲೆ ತಿಳಿಯಿತು, ಕನ್ನಡದ ಪದಬಂಧಕ್ಕೂ ಇಂಗ್ಲಿಷಿನದಕ್ಕೂ ಇರುವ ಅಂತರ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ವರ್ಣ. ನಮ್ಮಲ್ಲಿ ಒಂದು ಮನೆಗೆ ಒಂದು ಇಡೀ ಅಕ್ಷರ, ಗುಣಿತ, ಒತ್ತು, ಸೊನ್ನೆಗಳ ಸಮೇತ. ವರ್ಣವೃತ್ತದ ಲೆಕ್ಕವೂ ಇದೇ ಅಕ್ಷರದ್ದಲ್ಲವೇ? ಹುಡುಗರು ಮನೆ ತುಂಬುತ್ತ ತಮಗರಿಯದೆಯೇ ಛಂದಸ್ಸನ್ನು ಎಣಿಸುತ್ತಿದ್ದರು. 'ಷಟ್ಪದಿ' ಎಂಬ ಪದಕ್ಕೆ ಮೂರು ಮನೆ: ಷ, ಟ್ಪ, ದಿ. ಟಕಾರ ಎರಡನೆಯ ಮನೆಗೆ ಹೋಗಿ ಕುಳಿತಿದೆ; ಆದರೆ ಅದರ ಭಾರ ಬಿದ್ದಿರುವುದು ಮೊದಲನೆಯ ಮನೆಯ ಮೇಲೆ, ಷಕಾರ ಗುರುವಾಗಿದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ಸೂತ್ರವನ್ನು ಹತ್ತು ಸಲ ಹೇಳಿಸಿದರೂ ತಲೆಗೆ ಹೋಗದಿದ್ದವನಿಗೆ ಆ ಮೂರು ಮನೆಗಳನ್ನು ಕಂಡಾಗ ಹೊಳೆಯಿತು. ಮುಂದೆ ನಾವು ಪ್ರತಿ ಉತ್ತರಕ್ಕೂ ಗಣ ಹಾಕತೊಡಗಿದೆವು. ಉಪಮೆ ನಗಣ, ರೂಪಕ ಭಗಣ, ಉತ್ಪ್ರೇಕ್ಷೆ ತಗಣ. ಗಣಗಳ ನೆನಪಿಗೆಂದು ನಾವೆಲ್ಲ ಉರುಹೊಡೆದ ಯಮಾತಾರಾಜಭಾನಸಲಗಂ ಸೂತ್ರವನ್ನೇ ತೆಗೆದುಕೊಳ್ಳಿ. ಹತ್ತೇ ಅಕ್ಷರಗಳಲ್ಲಿ ಎಂಟು ಗಣಗಳು. ನಡುವಿನ ಒಂದೊಂದು ಅಕ್ಷರವೂ ಮೂರು ಗಣಗಳಿಗೆ ದುಡಿಯುತ್ತದೆ. ಅಡ್ಡ ಸಾಲಿಗೂ ಉದ್ದ ಸಾಲಿಗೂ ಒಂದೇ ಅಕ್ಷರ ಸಲ್ಲುವ ಪದಬಂಧದ ಜಾಣ್ಮೆ ಬೇರೇನು?

ಕ್ಸಿಮೆನೆಸನ ನ್ಯಾಯವನ್ನು ಮಾತ್ರ ನಾನು ತಪ್ಪುಗಳಿಂದ ಕಲಿತೆ. ನನ್ನ ಮೊದಲ ಸುಳಿವುಗಳಲ್ಲೊಂದು 'ಒಂದು ಅಲಂಕಾರ', ಮನೆಗಳು ಮೂರು. ಉಪಮೆ, ರೂಪಕ, ದೀಪಕ, ದೃಷ್ಟಾಂತ, ಉತ್ಪ್ರೇಕ್ಷೆ ಎಲ್ಲವೂ ಸಲ್ಲುತ್ತವೆ! 'ಪಾದಕ್ಕೆ ಇಪ್ಪತ್ತು ಅಕ್ಷರಗಳ ಖ್ಯಾತ ಕರ್ಣಾಟಕ ವೃತ್ತ' ಎಂಬುದು ವಾಸಿ. ಉತ್ಪಲಮಾಲೆಗೆ ಐದು ಮನೆ, ಮತ್ತೇಭವಿಕ್ರೀಡಿತಕ್ಕೆ ಏಳು. ಮನೆಗಳ ಸಂಖ್ಯೆಯೇ ತೀರ್ಪು ಹೇಳುತ್ತದೆ. ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಚಂಪಕಮಾಲೆಯೆಂಬುದನ್ನು ಒಬ್ಬ ವಿದ್ಯಾರ್ಥಿ ಹೀಗೆಯೇ ಮನೆಗಳ ಪಟ್ಟಿ ಬರೆಯುತ್ತ ತಾನೇ ಕಂಡುಕೊಂಡ. ಪುಸ್ತಕದಲ್ಲಿ ಅದು ಇತ್ತು, ನಿಜ. ಆದರೆ ಅವನ ಮುಖದ ಸಂತೋಷ ಪುಸ್ತಕದಲ್ಲಿರಲಿಲ್ಲ.

ಇಷ್ಟಾದರೂ ಮೋಸಹೋದೆ. ಇಪ್ಪತ್ತಕ್ಕೆ ಇಪ್ಪತ್ತು ತುಂಬಿದ ಹುಡುಗನೊಬ್ಬನ ಮುಂದೆ ಕುಮಾರವ್ಯಾಸನ ಪದ್ಯವೊಂದನ್ನಿಟ್ಟು ಅಲಂಕಾರವಾವುದೆಂದು ಕೇಳಿದೆ. ರೂಪಕ ಸಾಮ್ರಾಜ್ಯ ಚಕ್ರವರ್ತಿಯೆಂದು ಹೆಸರಾದ ಕವಿ. ಪದ್ಯದಲ್ಲಿ ಮೂರು ರೂಪಕಗಳಿದ್ದವು. ಹುಡುಗ ಒಂದನ್ನೂ ಕಾಣಲಿಲ್ಲ. ಅವನಿಗೆ ಹೆಸರು ಗೊತ್ತು, ವ್ಯಕ್ತಿಯ ಪರಿಚಯವಿಲ್ಲ. ಅಂದಿನಿಂದ ಸುಳಿವಿನಲ್ಲಿ ಲಕ್ಷಣ ಬರೆಯುವುದನ್ನು ಬಿಟ್ಟು ಪುಟಸಂಖ್ಯೆ, ಪದ್ಯಸಂಖ್ಯೆ ಬರೆಯತೊಡಗಿದೆ. ಉತ್ತರ ಬೇಕಾದವನು ಕಾವ್ಯವನ್ನು ತೆರೆಯಲೇಬೇಕು, ಪದ್ಯವನ್ನು ಗಟ್ಟಿಯಾಗಿ ಓದಿ ಮಾತ್ರೆ ಎಣಿಸಲೇಬೇಕು. ಪದಬಂಧ ಬಿಡಿಸಲು ಒಂದು ಗಂಟೆಗೆ ಬದಲು ಒಂದು ವಾರ ಹಿಡಿಯಿತು. ಅದೇ ಆದದ್ದು ಲಾಭ.

ರಸದ ವಿಷಯದಲ್ಲಿ ನಡೆದದ್ದನ್ನು ಹೇಳಿ ಈ ಭಾಷಣವನ್ನು ನಿಲ್ಲಿಸುತ್ತೇನೆ. ಆ ವರ್ಷ ಪಠ್ಯ ರನ್ನನ ಗದಾಯುದ್ಧ. ಪದಬಂಧದ ಬಲತುದಿಯಲ್ಲಿ ಎರಡು ಮನೆಗಳು. ಸುಳಿವು, 'ಗದಾಯುದ್ಧದ ಪ್ರಧಾನ ರಸ'. 'ವೀರ' ಎಂಬುದು ನನ್ನ ಉತ್ತರ. ಅದರ ರಕಾರದಿಂದ ಕೆಳಗೆ 'ರಗಳೆ' ಇಳಿಯುತ್ತಿತ್ತು. ಒಬ್ಬ ವಿದ್ಯಾರ್ಥಿನಿ, ಹೆಚ್ಚು ಮಾತಾಡದವಳು, ಮೊದಲ ಮನೆಯಲ್ಲಿ 'ಕ' ಬರೆದಿದ್ದಳು. ರಗಳೆಯ ರಕಾರಕ್ಕೆ ಒಂದು ಕೊಂಬು ಸೇರಿಸಿದ್ದಳು. ಚೌಕಟ್ಟಿನ ಆಚೆ, ಹಾಳೆಯ ಅಂಚಿನಲ್ಲಿ, ಸ್ಕೇಲು ಹಿಡಿದು ನೇರವಾಗಿ ತಾನೇ ಒಂದು ಮನೆ ಎಳೆದು 'ಣ' ಬರೆದಿದ್ದಳು. ಹೆಣಗಳ ನಡುವೆ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ನಡೆಯುವ ದುರ್ಯೋಧನನ ಭಾಗವನ್ನು ನಾನೇ ಹಿಂದಿನ ವಾರ ಓದಿದ್ದೆ, ಬಿ.ಎಂ.ಶ್ರೀ. ಅವರು ಅವನಲ್ಲಿ ದುರಂತನಾಯಕನನ್ನು ಕಂಡದ್ದನ್ನೂ ವಿವರಿಸಿದ್ದೆ. ಆದರೂ ಹಾಳೆಗಳ ಕಟ್ಟು ದೊಡ್ಡದಿತ್ತು. ಕರುಣಕ್ಕೂ ಸೊನ್ನೆ ಹಾಕಿದೆ, ಕೊಂಬು ಮೂಡಿ ಕೆಟ್ಟ ರಗಳೆಗೂ ಸೊನ್ನೆ ಹಾಕಿದೆ.

ಮರುವರ್ಷ ಅದೇ ಪಾಠ ಬಂದಾಗ ಆ ಸುಳಿವನ್ನು ಪದಬಂಧದಿಂದ ತೆಗೆದು, ಹಲಗೆಯ ಮೇಲೆ ಪ್ರಶ್ನೆಯಾಗಿ ಬರೆದೆ. ಕೆಳಗೆ ಮನೆಗಳನ್ನು ಎಳೆಯಲಿಲ್ಲ. ಗಂಟೆ ಬಾರಿಸಿದಮೇಲೂ ವಾದ ನಡೆಯಿತು. ಆ ಹುಡುಗಿ ಅಷ್ಟರೊಳಗೆ ಪದವಿ ಮುಗಿಸಿ ಹೊರಟುಹೋಗಿದ್ದಳು.