ವಿ.ಕೆ.ಆರ್.ವಿ. ರಾವ್: ಸಂಸದೀಯ ಅವಧಿ (1967–1977)

ಅರ್ಥಶಾಸ್ತ್ರಜ್ಞ ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ (1908–1991) ಬಳ್ಳಾರಿ ಕ್ಷೇತ್ರದಿಂದ ನಾಲ್ಕನೆಯ ಮತ್ತು ಐದನೆಯ ಲೋಕಸಭೆಗಳಿಗೆ ಕಾಂಗ್ರೆಸ್ ಅಭ್ಯರ್ಥಿಯಾಗಿ ಆಯ್ಕೆಯಾಗಿದ್ದರು. ಮೊದಲ ಅವಧಿಯಲ್ಲಿ ಎರಡು ವರ್ಷ ಕೇಂದ್ರದ ಸಾರಿಗೆ ಮತ್ತು ಹಡಗು ಖಾತೆಯನ್ನೂ ನಂತರದ ಎರಡು ವರ್ಷ ಶಿಕ್ಷಣ ಮತ್ತು ಯುವಜನ ಸೇವಾ ಖಾತೆಯನ್ನೂ ನಿರ್ವಹಿಸಿದರು. ಆರು ದಶಕಗಳ ಅವರ ವಿದ್ವತ್ ಜೀವನದಲ್ಲಿ ಚುನಾಯಿತ ರಾಜಕಾರಣದ ಪಾಲು ಚಿಕ್ಕದು. ಅದರಲ್ಲಿಯೂ ಉಳಿದು ಬಂದ ಫಲ ಹೆಚ್ಚಾಗಿ 1969ರಿಂದ 1971ರವರೆಗಿನ ಎರಡು ವರ್ಷಗಳದ್ದು.

ಭಾರತದ ಶಾಸನಸಭೆಗಳಿಗೆ ಪ್ರಾಧ್ಯಾಪಕರು ಬರುವುದು ಸಾಮಾನ್ಯವಾಗಿ ಪಕ್ಕದ ಬಾಗಿಲಿನಿಂದ. ಸಂವಿಧಾನದ 171ನೆಯ ವಿಧಿಯಂತೆ ವಿಧಾನ ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲು ಸ್ಥಾನಗಳು ಪದವೀಧರರಿಂದಲೂ ಅಷ್ಟೇ ಸ್ಥಾನಗಳು ಶಿಕ್ಷಕರಿಂದಲೂ ತುಂಬುತ್ತವೆ; ರಾಜ್ಯಸಭೆಗೆ ರಾಷ್ಟ್ರಪತಿ ಹನ್ನೆರಡು ಮಂದಿಯನ್ನು ನಾಮಕರಣ ಮಾಡುತ್ತಾರೆ. ಶಿಕ್ಷಣ ಖಾತೆಯಲ್ಲಿ ರಾವ್ ಅವರಿಗಿಂತ ಹಿಂದೆ ಇದ್ದ ತ್ರಿಗುಣ ಸೇನ್ ಜಾದವಪುರ ಮತ್ತು ಬನಾರಸ್ ವಿಶ್ವವಿದ್ಯಾನಿಲಯಗಳ ಕುಲಪತಿಯಾಗಿದ್ದವರು. ಅವರೂ ರಾಜ್ಯಸಭೆಯ ಸದಸ್ಯರೇ. ನೇರ ಚುನಾವಣೆಯಲ್ಲಿ ಮತ ಕೇಳಿ ಗೆದ್ದು ಬಂದ ಅಧ್ಯಾಪಕರಲ್ಲಿ ರಾವ್ ಎದ್ದು ಕಾಣುವುದು ಈ ಕಾರಣಕ್ಕೆ.

ಹಿನ್ನೆಲೆ

ರಾವ್ ಹುಟ್ಟಿದ್ದು 1908ರ ಜುಲೈ 8ರಂದು, ಕಾಂಚೀಪುರಂನಲ್ಲಿ. ಅರ್ಥಶಾಸ್ತ್ರದ ಉನ್ನತ ವ್ಯಾಸಂಗ ಮುಂಬೈ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಭಾರತದ ಆದಾಯ ತೆರಿಗೆಯನ್ನು ಕುರಿತ ಅವರ ಮೊದಲ ಪುಸ್ತಕ 1931ರಲ್ಲಿ ಹೊರಬಂದಾಗ ಅವರಿಗೆ ಇಪ್ಪತ್ಮೂರು ವರ್ಷ. ಮುಂದೆ ಕೇಂಬ್ರಿಜ್‌ಗೆ ಹೋಗಿ 1937ರಲ್ಲಿ ಡಾಕ್ಟರೇಟ್ ಪಡೆದರು.

ಕೇಂಬ್ರಿಜ್‌ನ ಸಂಶೋಧನೆಯ ವಿಷಯ ಭಾರತದ ರಾಷ್ಟ್ರೀಯ ಆದಾಯ. ದಾದಾಭಾಯಿ ನವರೋಜಿ 1867–68ರ ಸುಮಾರಿಗೆ ತಲಾ ಆದಾಯವನ್ನು 20 ರೂಪಾಯಿ ಎಂದು ಲೆಕ್ಕ ಹಾಕಿದ ನಂತರ ಹಲವರು ಈ ಲೆಕ್ಕಕ್ಕೆ ಕೈ ಹಾಕಿದ್ದರು. ಬಹುತೇಕ ಅಂದಾಜುಗಳ ಹಿಂದೆ ಬ್ರಿಟಿಷ್ ಆಡಳಿತ ದೇಶವನ್ನು ಬಡವಾಗಿಸಿತು, ಅಥವಾ ಬಡವಾಗಿಸಲಿಲ್ಲ, ಎಂಬ ವಾದ ಇತ್ತು. ರಾವ್ ಅವರ ಹೆಚ್ಚುಗಾರಿಕೆ ವಿಧಾನದಲ್ಲಿದೆ. ಬೇಸಾಯ, ಗಣಿ, ಹೈನುಗಳಂತೆ ಸರಕು ಕಣ್ಣಿಗೆ ಕಾಣುವ ಕಡೆ ಅವರು ಉತ್ಪನ್ನವನ್ನು ಎಣಿಸಿದರು: ಬಿತ್ತಿದ ಎಕರೆ, ಎಕರೆಯ ಇಳುವರಿ, ಸುಗ್ಗಿಯ ಕಾಲದ ಧಾರಣೆ, ಅದರಿಂದ ಬೀಜ ಮೊದಲಾದ ವೆಚ್ಚದ ಕಡಿತ. ವಕೀಲ, ಅಂಗಡಿಕಾರ, ಗಾಡಿ ಹೊಡೆಯುವವನು, ಮನೆಯಾಳುಗಳ ದುಡಿಮೆಗೆ ತೂಕ ಅಳತೆ ಇಲ್ಲವಾದ್ದರಿಂದ 1931ರ ಜನಗಣತಿಯಿಂದ ತಲೆಯ ಲೆಕ್ಕ ತೆಗೆದು ಅದನ್ನು ಸರಾಸರಿ ಗಳಿಕೆಯಿಂದ ಗುಣಿಸಿದರು. ಎರಡೂ ಸೇರಿ 1931–32ರ ತಲಾ ಆದಾಯ ಸುಮಾರು 62 ರೂಪಾಯಿ ಎಂದಾಯಿತು. ತಮ್ಮ ಅಂಕಿಯಲ್ಲಿ ತಪ್ಪು ಎಷ್ಟಿರಬಹುದು ಎಂಬುದನ್ನೂ ಲೆಕ್ಕ ಹಾಕಿ ಹೇಳಿದ್ದು ಆ ಕಾಲಕ್ಕೆ ಹೊಸದು. 1949ರಲ್ಲಿ ಸರ್ಕಾರ ನೇಮಿಸಿದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಪಿ.ಸಿ. ಮಹಾಲನೋಬಿಸ್ ಮತ್ತು ಡಿ.ಆರ್. ಗಾಡ್ಗೀಳರೊಂದಿಗೆ ರಾವ್ ಸದಸ್ಯರಾದರು. ಸಮಿತಿ ಅನುಸರಿಸಿದ್ದೂ ಸ್ಥೂಲವಾಗಿ ಇದೇ ಮಿಶ್ರ ವಿಧಾನವನ್ನು.

1952ರ ಒಂದು ಪ್ರಬಂಧದಲ್ಲಿ ಅವರು ಕೇನ್ಸ್‌ನ ಗುಣಕ ಸಿದ್ಧಾಂತ ಬಡ ಕೃಷಿ ದೇಶಗಳಿಗೆ ಒಗ್ಗದು ಎಂದು ವಾದಿಸಿದರು. ಸರ್ಕಾರ ಹಣ ಸುರಿದರೂ ಅಲ್ಲಿ ಬೆಳೆ ತಕ್ಷಣ ಹೆಚ್ಚುವುದಿಲ್ಲ; ಮರೆಯ ನಿರುದ್ಯೋಗ ಕೃಷಿ ಕುಟುಂಬದೊಳಗೇ ಅಡಗಿರುತ್ತದೆ; ಕೊನೆಗೆ ಏರುವುದು ಬೆಲೆ. ಅಭಿವೃದ್ಧಿ ಅರ್ಥಶಾಸ್ತ್ರದ ಪಾಠಗಳಲ್ಲಿ ಈ ವಾದ ಇಂದಿಗೂ ಚರ್ಚೆಯಾಗುತ್ತದೆ. ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿ ಅವರು ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಸಿಗಬೇಕೆಂದು ಮಂಡಿಸಿದ ಸಲಹೆಯನ್ನು 1960ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘದ ಮೂಲಗಳಲ್ಲಿ ಒಂದಾಗಿ ಎಣಿಸುತ್ತಾರೆ.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ (1949) ಮತ್ತು ಆರ್ಥಿಕ ಬೆಳವಣಿಗೆ ಸಂಸ್ಥೆಗಳ ಸ್ಥಾಪನೆ, 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿ ಹುದ್ದೆ, 1963ರಿಂದ 1966ರವರೆಗೆ ಯೋಜನಾ ಆಯೋಗದ ಸದಸ್ಯತ್ವ: ಚುನಾವಣೆಗೆ ನಿಲ್ಲುವ ಹೊತ್ತಿಗೆ ರಾವ್ ಸರ್ಕಾರದ ಒಳಹೊರಗನ್ನು ಬಲ್ಲವರಾಗಿದ್ದರು.

ಬಳ್ಳಾರಿ

ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಭಾಗ. ಕನ್ನಡ, ತೆಲುಗು ಎರಡೂ ಆಡುವ ಜಿಲ್ಲೆ. ಮೊದಲ ಮೂರು ಲೋಕಸಭೆಗಳಲ್ಲಿ ಅದನ್ನು ಪ್ರತಿನಿಧಿಸಿದವರು ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ. ಅವರ ನಂತರ 1967ರಲ್ಲಿ ಕಾಂಗ್ರೆಸ್ ಕಣಕ್ಕಿಳಿಸಿದ್ದು ಜಿಲ್ಲೆಯ ಹೊರಗಿನವರಾದ ರಾವ್ ಅವರನ್ನು. ಪಕ್ಷದ ಬಲ ದೇಶಾದ್ಯಂತ ಕುಗ್ಗಿ, ಲೋಕಸಭೆಯ 520 ಸ್ಥಾನಗಳಲ್ಲಿ 283 ಮಾತ್ರ ಉಳಿದ ಚುನಾವಣೆ ಅದು. ಬಳ್ಳಾರಿಯನ್ನು ಪಕ್ಷ ಉಳಿಸಿಕೊಂಡಿತು. ಹೊರಗಿನ ಅಭ್ಯರ್ಥಿಯನ್ನು ಗೆಲ್ಲಿಸುವ ಕ್ಷೇತ್ರ ಎಂಬ ಹೆಸರು ಬಳ್ಳಾರಿಗೆ ಬಂದದ್ದು 1999ರಲ್ಲಿ ಸೋನಿಯಾ ಗಾಂಧಿ ಅಲ್ಲಿ ಸ್ಪರ್ಧಿಸಿದಾಗ ಎಂದು ಹಲವರು ತಿಳಿದಿದ್ದಾರೆ. ರಾವ್ ಅವರ ಗೆಲುವು ಅದಕ್ಕಿಂತ ಮೂರು ದಶಕ ಹಿಂದಿನದು.

ಸಾರಿಗೆ ಮತ್ತು ಹಡಗು ಖಾತೆ

1967ರ ಮಾರ್ಚ್‌ನಿಂದ 1969ರ ಫೆಬ್ರುವರಿವರೆಗೆ ರಾವ್ ಈ ಖಾತೆಯಲ್ಲಿದ್ದರು. ಹೆದ್ದಾರಿ, ಬಂದರು, ಹಡಗುಗಳು ಅದರ ವ್ಯಾಪ್ತಿಯಲ್ಲಿದ್ದವು. ರೈಲ್ವೆ ಬೇರೆಯದೇ ಖಾತೆ. ಅದೇ ಎರಡು ವರ್ಷ ರೈಲ್ವೆ ಸಚಿವರಾಗಿದ್ದವರು ಕೊಡಗಿನ ಸಿ.ಎಂ. ಪೂಣಚ್ಚ. ಹೀಗೆ ದೇಶದ ರೈಲು, ರಸ್ತೆ, ಬಂದರು ಮೂರೂ ಮೈಸೂರು ರಾಜ್ಯದ ಇಬ್ಬರ ಕೈಯಲ್ಲಿದ್ದವು. ಅರ್ಥಶಾಸ್ತ್ರಜ್ಞರಾಗಿ ರಾವ್ ಅವರಿಗಿದ್ದ ಹೆಸರನ್ನು ಈ ಖಾತೆ ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ.

ಶಿಕ್ಷಣ ಖಾತೆ

ಆಗ ಶಿಕ್ಷಣ ಸಂವಿಧಾನದ ರಾಜ್ಯ ಪಟ್ಟಿಯಲ್ಲಿತ್ತು. ಅದು ಸಮವರ್ತಿ ಪಟ್ಟಿಗೆ ಬಂದದ್ದು 1976ರ 42ನೆಯ ತಿದ್ದುಪಡಿಯಿಂದ. ಆದ್ದರಿಂದ ಕೇಂದ್ರದ ಶಿಕ್ಷಣ ಸಚಿವರಿಗೆ ಶಾಲೆಗಳ ಮೇಲೆ ನೇರ ಹಿಡಿತ ಇರಲಿಲ್ಲ. ಸಂಸ್ಥೆ ಕಟ್ಟುವುದು, ಅನುದಾನ ಕೊಡುವುದು, ರಾಜ್ಯಗಳನ್ನು ಒಪ್ಪಿಸುವುದು ಇಷ್ಟೇ ದಾರಿ. ಕೊಠಾರಿ ಆಯೋಗದ ವರದಿ (1966) ಮತ್ತು ಅದನ್ನು ಆಧರಿಸಿದ ರಾಷ್ಟ್ರೀಯ ಶಿಕ್ಷಣ ನೀತಿ (1968) ರಾವ್ ಈ ಖಾತೆಗೆ ಬರುವ ಮುಂಚಿನವು. ಸಂಸ್ಥೆ ಕಟ್ಟುವುದಂತೂ ರಾವ್ ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದ ಕೆಲಸವೇ ಆಗಿತ್ತು.

ಸಮಾಜವಿಜ್ಞಾನ ಸಂಶೋಧನೆಯ ಸಂಗತಿ ಇದಕ್ಕೆ ಒಳ್ಳೆಯ ನಿದರ್ಶನ. 1960ರ ದಶಕದಲ್ಲಿ ವಿಶ್ವವಿದ್ಯಾನಿಲಯಗಳ ವಿಭಾಗಗಳನ್ನು ಬಿಟ್ಟರೆ ಈ ಕ್ಷೇತ್ರದಲ್ಲಿ ಇದ್ದವು ಕೆಲವೇ ಸಂಸ್ಥೆಗಳು: ಪುಣೆಯ ಗೋಖಲೆ ಸಂಸ್ಥೆ, ಮುಂಬೈಯಲ್ಲಿ 1936ರಲ್ಲಿ ಹುಟ್ಟಿದ ಟಾಟಾ ಸಮಾಜವಿಜ್ಞಾನ ಸಂಸ್ಥೆ ಮತ್ತು 1956ರಲ್ಲಿ ಆರಂಭವಾದ ಜನಸಂಖ್ಯಾ ಅಧ್ಯಯನ ಕೇಂದ್ರ, ದೆಹಲಿಯಲ್ಲಿ ರಾವ್ ಅವರೇ ಕಟ್ಟಿದ್ದು. ವಿಜ್ಞಾನಕ್ಕೆ, ಕೃಷಿಗೆ, ವೈದ್ಯಕ್ಕೆ ಇದ್ದಂತೆ ಇವಕ್ಕೆ ಹಣ ಹಂಚುವ ರಾಷ್ಟ್ರೀಯ ಮಂಡಳಿ ಇರಲಿಲ್ಲ. ಯೋಜನಾ ಆಯೋಗ 1965ರಲ್ಲಿ ಈ ಬಗ್ಗೆ ಸಮಿತಿ ನೇಮಿಸಿ ರಾವ್ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. 1968ರಲ್ಲಿ ವರದಿ ಬಂತು. ಮರು ವರ್ಷ, ಶಿಕ್ಷಣ ಸಚಿವರ ಕುರ್ಚಿಯಲ್ಲಿ ವರದಿ ಬರೆದವರೇ ಕೂತಿದ್ದಾಗ, ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು ಸ್ಥಾಪನೆಯಾಯಿತು. ಗಾಡ್ಗೀಳ ಅದರ ಮೊದಲ ಅಧ್ಯಕ್ಷರು, ಜೆ.ಪಿ. ನಾಯಕ್ ಮೊದಲ ಸದಸ್ಯ ಕಾರ್ಯದರ್ಶಿ. ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮ ಸುಧಾರಣೆಗೆ ದುಡಿದಿದ್ದ ನಾಯಕ್ ಅವರೇ ಕೊಠಾರಿ ಆಯೋಗದ ಕಾರ್ಯದರ್ಶಿಯೂ ಆಗಿದ್ದವರು. ಶಿಫಾರಸು ಮಾಡಿದವರಿಗೇ ಜಾರಿಯ ಅಧಿಕಾರ ಸಿಗುವುದು ಭಾರತದ ಆಡಳಿತದಲ್ಲಿ ಅಪರೂಪ. ಹೆಚ್ಚಿನ ವರದಿಗಳು ಕಪಾಟು ಸೇರುವ ದೇಶದಲ್ಲಿ ಈ ವರದಿ ಬೇಗ ಫಲ ಕೊಟ್ಟದ್ದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ರಾಷ್ಟ್ರೀಯ ಸೇವಾ ಯೋಜನೆಯ ಚರಿತ್ರೆ ಇದಕ್ಕಿಂತ ಉದ್ದ. ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ದೇಶಸೇವೆ ಮಾಡಬೇಕೆಂಬ ಮಾತು 1950ರಲ್ಲೇ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಮುಂದೆ ಬಂದಿತ್ತು. 1959ರಲ್ಲಿ ಸಿ.ಡಿ. ದೇಶಮುಖರ ಸಮಿತಿ ಪದವಿಗೆ ಮುಂಚೆ ಕಡ್ಡಾಯ ಸೇವೆ ಇರಲಿ ಎಂದಿತು. ಅದಕ್ಕೆ ಬೇಕಾದ ಹಣ ಮತ್ತು ವ್ಯವಸ್ಥೆ ಕಂಡು ಸರ್ಕಾರ ಹಿಂಜರಿಯಿತು. ಬೇರೆ ದೇಶಗಳ ಅನುಭವ ನೋಡಿ ಬಂದ ಕೆ.ಜಿ. ಸೈಯಿದೈನ್ 1960ರಲ್ಲಿ ಸೇವೆ ಐಚ್ಛಿಕವಾಗಿರಲಿ ಎಂದರು. ಅಷ್ಟರಲ್ಲಿ 1962ರ ಯುದ್ಧ ಬಂದು ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1967ರ ಏಪ್ರಿಲ್‌ನಲ್ಲಿ ರಾಜ್ಯಗಳ ಶಿಕ್ಷಣ ಸಚಿವರ ಸಮ್ಮೇಳನ ಎನ್‌ಸಿಸಿಗೆ ಪರ್ಯಾಯವಾಗಿ ಸೇವಾ ಯೋಜನೆಯನ್ನೂ, ಕ್ರೀಡೆಯಲ್ಲಿ ಮುಂದಿದ್ದವರಿಗೆ ಬೇರೊಂದು ಯೋಜನೆಯನ್ನೂ ಶಿಫಾರಸು ಮಾಡಿತು. ಯೋಜನಾ ಆಯೋಗ ನಾಲ್ಕನೆಯ ಯೋಜನೆಯಲ್ಲಿ ಇದಕ್ಕೆ 5 ಕೋಟಿ ರೂಪಾಯಿ ಇಟ್ಟು, ಮೊದಲು ಪ್ರಾಯೋಗಿಕವಾಗಿ ಆರಂಭಿಸಿ ಎಂದಿತು. ಗಾಂಧಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾವ್ 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಯೋಜನೆಗೆ ಚಾಲನೆ ಕೊಟ್ಟರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ದತ್ತು ಹಳ್ಳಿಯಲ್ಲಿ ಒಂದು ವಾರದ ವಿಶೇಷ ಶಿಬಿರ ಎಂಬುದು ಈಗ ನಡೆದುಬಂದಿರುವ ರೂಢಿ. ಊರಿನ ಶಾಲೆಯಲ್ಲಿ ಬಿಡಾರ, ಬೆಳಿಗ್ಗೆ ಚರಂಡಿ ಶುಚಿ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಗುಡಿಯ ಮುಂದೆ ನಾಟಕ ಎಂಬ ಎನ್ನೆಸ್ಸೆಸ್ ಕ್ಯಾಂಪಿನ ದಿನಚರಿ ಕರ್ನಾಟಕದ ಕಾಲೇಜುಗಳಲ್ಲಿ ಓದಿದವರಿಗೆ ಪರಿಚಿತ. ಯೋಜನೆಯ ಕಲ್ಪನೆ ಹಲವರದ್ದು. ರಾವ್ ಅವರ ಪಾಲು ಅದನ್ನು ಕಡತದಿಂದ ಹೊರಗೆ ತಂದದ್ದು.

ಅವರ ಅವಧಿಯಲ್ಲೇ 1969ರ ಏಪ್ರಿಲ್‌ನಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು, ಜುಲೈ 17ರಂದು ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಆರಂಭವಾಯಿತು. ಎರಡರ ಸಿದ್ಧತೆಯೂ ಹಿಂದೆಯೇ ನಡೆದಿದ್ದರಿಂದ ಇವನ್ನು ಪೂರ್ತಿ ಅವರ ಲೆಕ್ಕಕ್ಕೆ ಸೇರಿಸುವುದು ಸರಿಯಾಗದು.

ಪಕ್ಷದ ಒಡಕು ಮತ್ತು ಎರಡನೆಯ ಅವಧಿ

1969ರ ನವೆಂಬರ್‌ನಲ್ಲಿ ಕಾಂಗ್ರೆಸ್ ಒಡೆದಾಗ ಮೈಸೂರು ರಾಜ್ಯದ ಹಿರಿಯ ನಾಯಕರಾದ ಎಸ್. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ರಾವ್ ಇಂದಿರಾ ಗಾಂಧಿಯವರ ಸಂಪುಟದಲ್ಲೇ ಮುಂದುವರಿದರು. 1971ರ ಚುನಾವಣೆಯಲ್ಲಿ ಇಂದಿರಾ ಪಕ್ಷ ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು, ಬಳ್ಳಾರಿಯೂ ಅದರಲ್ಲಿ ಒಂದು. ಹೊಸ ಸಂಪುಟದಲ್ಲಿ ಶಿಕ್ಷಣ ಖಾತೆ ಸಿದ್ಧಾರ್ಥ ಶಂಕರ್ ರಾಯ್ ಅವರಿಗೆ ಹೋಯಿತು; ರಾವ್ ಅವರಿಗೆ ಸ್ಥಾನ ಇರಲಿಲ್ಲ.

ಮುಂದಿನ ಆರು ವರ್ಷ ಅವರು ಹೆಸರಿಗೆ ಸಂಸದರು. ಮನಸ್ಸು ಮಾತ್ರ ಬೆಂಗಳೂರಿನಲ್ಲಿತ್ತು. 1972ರಲ್ಲಿ ಅಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿ ಅದರ ಮೊದಲ ನಿರ್ದೇಶಕರಾದರು. ಮುಂದೆ ನಾಗರಬಾವಿಯಲ್ಲಿ ನೆಲೆಯೂರಿದ ಈ ಸಂಸ್ಥೆಗೆ ಅನುದಾನ ಕೊಟ್ಟವುಗಳಲ್ಲಿ ರಾವ್ ಸಮಿತಿಯ ವರದಿಯಿಂದ ಹುಟ್ಟಿದ ಸಂಶೋಧನಾ ಪರಿಷತ್ತೂ ಒಂದು. 1974ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ತುರ್ತು ಪರಿಸ್ಥಿತಿಯಲ್ಲಿ ಅವಧಿ ವಿಸ್ತರಣೆಗೊಂಡಿದ್ದ ಐದನೆಯ ಲೋಕಸಭೆ 1977ರಲ್ಲಿ ಮುಗಿಯಿತು. ಆ ವರ್ಷ ಬಳ್ಳಾರಿಯಿಂದ ಕಾಂಗ್ರೆಸ್ಸಿನ ಕೆ.ಎಸ್. ವೀರಭದ್ರಪ್ಪ ಗೆದ್ದರು. ರಾವ್ ಮತ್ತೆ ತಮ್ಮ ಮೊದಲ ವಿಷಯಕ್ಕೆ ಮರಳಿ 1950ರಿಂದ 1980ರವರೆಗಿನ ಭಾರತದ ರಾಷ್ಟ್ರೀಯ ಆದಾಯವನ್ನು ಕುರಿತ ಗ್ರಂಥವನ್ನು 1983ರಲ್ಲಿ ಪ್ರಕಟಿಸಿದರು. 1991ರ ಜುಲೈ 25ರಂದು ನಿಧನರಾದರು.