ಸಾಫ್ಟ್‌ವೇರ್ ತೆಗೆದ ಮೇಲೆ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ಬೇಡದ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡಿದಿರಿ. ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಆಗಬೇಕು ಎಂದಿತು, ನೀವೂ ಸರಿ ಎಂದಿರಿ. ಆಮೇಲೆ ಶುರುವಾಯಿತು ನೋಡಿ ತಲೆನೋವು. ವಿಂಡೋಸ್ ಲೋಗೋ ಬರುತ್ತದೆ, ಚುಕ್ಕೆಗಳು ತಿರುಗುತ್ತವೆ, ಪರದೆ ಕಪ್ಪಾಗುತ್ತದೆ, ಮತ್ತೆ ಲೋಗೋ! ಇದನ್ನೇ 'ಬೂಟ್ ಲೂಪ್' ಎನ್ನುತ್ತಾರೆ.

ಇಂಥ ಸ್ಥಿತಿಯಲ್ಲಿ ಅಂಗಡಿಗೆ ಒಯ್ದರೆ ಹೆಚ್ಚಾಗಿ ಕೇಳಿಬರುವ ಮಾತು ಒಂದೇ, 'ಫಾರ್ಮ್ಯಾಟ್ ಮಾಡಿಬಿಡೋಣ'. ಆದರೆ ಬೂಟ್ ಲೂಪ್‌ಗೆ ಸಿಲುಕಿದ ಕಂಪ್ಯೂಟರ್ ಸತ್ತ ಕಂಪ್ಯೂಟರ್ ಅಲ್ಲ. ಬಹುತೇಕ ಸಂದರ್ಭಗಳಲ್ಲಿ ಅದರೊಳಗಿನ ಫೋಟೋ, ದಾಖಲೆ, ಪ್ರಾಜೆಕ್ಟ್ ಎಲ್ಲವೂ ಹಾಗೇ ಇರುತ್ತವೆ. ಅವು ನಿಜಕ್ಕೂ ಕಳೆದುಹೋಗುವುದು ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಿದಾಗ. ಕಾಸರಗೋಡಿನಿಂದ ಹೋಗಿ ಕೊಚ್ಚಿಯ ವೈಟ್ಟಿಲದಲ್ಲಿ ರೂಮು ಮಾಡಿಕೊಂಡು ಇನ್ಫೋಪಾರ್ಕ್‌ಗೆ ಓಡಾಡುವವರಿರಲಿ, ಬೆಂಗಳೂರಿನ ಪಿಜಿಯಲ್ಲಿ ಕುಳಿತು ಓದುವವರಿರಲಿ, ಎಲ್ಲರಿಗೂ ಉಪಯೋಗವಾಗುವ ಕ್ರಮ ಇಲ್ಲಿದೆ.

ವಿಮಾನ ನಿಲ್ದಾಣಗಳನ್ನೇ ತಡೆದ ಬೂಟ್ ಲೂಪ್

ಈ ಸಮಸ್ಯೆ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಜಗತ್ತು ನೋಡಿದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ಗೆ ಬಂದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೈಕೊಟ್ಟವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ನೀಲಿ ಪರದೆ, ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಅಂದು ಚೆಕ್-ಇನ್‌ಗೆ ಉದ್ದುದ್ದ ಸಾಲುಗಳು ಕಂಡವು. ಕೊಚ್ಚಿ ವಿಮಾನ ನಿಲ್ದಾಣದಲ್ಲೂ ವಿಮಾನಗಳು ತಡವಾದವು. ದೇಶದಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಪಡೆದ ಪ್ರಯಾಣಿಕರ ಫೋಟೋಗಳು ವೈರಲ್ ಆದವು.

ಹಾಗಾದರೆ ಪರಿಹಾರವೇನಿತ್ತು? ಯಾರೂ ಕಂಪ್ಯೂಟರ್‌ಗಳನ್ನು ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ, ಕ್ರೌಡ್‌ಸ್ಟ್ರೈಕ್ ಫೋಲ್ಡರ್‌ನಲ್ಲಿ 'ಸಿ-00000291' ಎಂದು ಆರಂಭವಾಗುವ ಒಂದು ಫೈಲ್ ಅಳಿಸಿ, ಮತ್ತೆ ಆನ್ ಮಾಡಿದರೆ ಸಾಕಿತ್ತು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಇದೇ ಕ್ರಮವನ್ನು ಸೂಚಿಸಿತ್ತು. ಅಂದು ತೊಂದರೆ ಬಂದದ್ದು ಅಪ್‌ಡೇಟ್‌ನಿಂದ, ನಿಮ್ಮಲ್ಲಿ ಬಂದಿರುವುದು ಅನ್‌ಇನ್‌ಸ್ಟಾಲ್‌ನಿಂದ. ಎರಡರಲ್ಲೂ ಪೆಟ್ಟು ಬೀಳುವ ಜಾಗ ಮಾತ್ರ ಹೆಚ್ಚಾಗಿ ಒಂದೇ, ಅದು ಡ್ರೈವರ್.

ಸಾಫ್ಟ್‌ವೇರ್ ತೆಗೆದರೆ ಹೀಗೇಕೆ ಆಗುತ್ತದೆ?

ಕ್ಯಾಲ್ಕುಲೇಟರ್, ಮ್ಯೂಸಿಕ್ ಪ್ಲೇಯರ್‌ನಂಥ ಸಾಮಾನ್ಯ ಆ್ಯಪ್ ತೆಗೆದರೆ ಹೀಗಾಗುವುದು ತೀರಾ ಅಪರೂಪ. ಆದರೆ ಆಂಟಿವೈರಸ್, ಡಿಸ್ಕ್ ಎನ್‌ಕ್ರಿಪ್ಶನ್, ಬ್ಯಾಕಪ್, ಪಾರ್ಟಿಷನ್ ಟೂಲ್, ವರ್ಚುವಲ್ ಡಿವಿಡಿ ಡ್ರೈವ್, ಆನ್‌ಲೈನ್ ಗೇಮ್‌ಗಳ ಆ್ಯಂಟಿ-ಚೀಟ್ ಮುಂತಾದ ಸಾಫ್ಟ್‌ವೇರ್‌ಗಳು ವಿಂಡೋಸ್‌ನ ಒಳಪದರದಲ್ಲಿ ತಮ್ಮದೇ ಡ್ರೈವರ್ ಕೂರಿಸುತ್ತವೆ. ಇವುಗಳಲ್ಲಿ ಕೆಲವು ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ ನಡುವೆ ಕಾವಲುಗಾರರಂತೆ ನಿಲ್ಲುತ್ತವೆ. ಇವಕ್ಕೆ 'ಫಿಲ್ಟರ್ ಡ್ರೈವರ್' ಎಂದು ಹೆಸರು.

ಅನ್‌ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಡ್ರೈವರ್ ಫೈಲ್ ಅಳಿಸಿಹೋಗಿ, ರಿಜಿಸ್ಟ್ರಿಯಲ್ಲಿ ಅದರ ಹೆಸರು ಮಾತ್ರ ಉಳಿದುಬಿಡಬಹುದು. ವಿಂಡೋಸ್ ಶುರುವಾಗುವಾಗ ಆ ಹೆಸರಿನ ಕಾವಲುಗಾರನನ್ನು ಕರೆಯುತ್ತದೆ, ಅವನು ಇಲ್ಲ. ಡಿಸ್ಕ್‌ನ ಬಾಗಿಲು ತೆರೆಯುವುದಿಲ್ಲ, ಸಿಸ್ಟಂ ಕುಸಿಯುತ್ತದೆ. ಕುಸಿದ ತಕ್ಷಣ ತಾನಾಗಿ ರೀಸ್ಟಾರ್ಟ್ ಆಗುವುದು ವಿಂಡೋಸ್‌ನ ಮೂಲ ಸೆಟ್ಟಿಂಗ್. ಹಾಗಾಗಿಯೇ ಈ ಸುತ್ತು ನಿಲ್ಲುವುದಿಲ್ಲ.

ಮೊದಲು ಇದು ಹಾರ್ಡ್‌ವೇರ್ ತೊಂದರೆಯೇ ನೋಡಿ

ಕಂಪನಿಯ ಲೋಗೋ ಬರುವ ಮುನ್ನವೇ ಆಫ್ ಆಗುತ್ತಿದೆಯೇ? ಬಯೋಸ್ ಸೆಟಪ್ ಪರದೆಯಲ್ಲಿ ಸುಮ್ಮನೆ ಬಿಟ್ಟರೂ ರೀಸ್ಟಾರ್ಟ್ ಆಗುತ್ತಿದೆಯೇ? ಹಾಗಿದ್ದರೆ ಸಾಫ್ಟ್‌ವೇರ್‌ನದ್ದು ತಪ್ಪಿಲ್ಲ. ರ್‍ಯಾಮ್, ಪವರ್ ಸಪ್ಲೈ ಅಥವಾ ಅತಿಯಾದ ಬಿಸಿಯ ಕಡೆ ಗಮನ ಕೊಡಿ. ಬಯೋಸ್‌ನಲ್ಲಿ ಸ್ಥಿರವಾಗಿದ್ದು, ವಿಂಡೋಸ್ ಲೋಗೋ ಬಂದ ಮೇಲೆ ಮಾತ್ರ ಬೀಳುತ್ತಿದ್ದರೆ ಮುಂದಿನ ಹಂತಗಳನ್ನು ಅನುಸರಿಸಿ.

ಹಾಗೆಯೇ ಪೆನ್‌ಡ್ರೈವ್, ಪ್ರಿಂಟರ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲವನ್ನೂ ಬಿಚ್ಚಿಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಕೊಳ್ಳಿ. ರಿಪೇರಿಯ ಮಧ್ಯೆ ಕರೆಂಟ್ ಹೋದರೆ ಕಷ್ಟ ಇಮ್ಮಡಿಯಾಗುತ್ತದೆ.

ಬಿಟ್‌ಲಾಕರ್ ಕೀ ಕೈಯಲ್ಲಿರಲಿ

ಇದು ಅತಿ ಮುಖ್ಯ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ರಿಪೇರಿಗೆ ಇಳಿದಾಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಸಾಧನಗಳ ವಿಭಾಗದಲ್ಲಿ ಆ ಕೀ ಇದೆಯೇ ನೋಡಿ ಬರೆದಿಟ್ಟುಕೊಳ್ಳಿ. ಈ ಕೀ ಇಲ್ಲದೆ ಯಾವ ತಂತ್ರಜ್ಞನೂ ಆ ಡಿಸ್ಕ್‌ನಿಂದ ಫೈಲ್ ಹೊರತೆಗೆಯಲಾರ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ನೀವು ಕೈ ಹಾಕಬೇಡಿ. ಕೀ ಸಾಮಾನ್ಯವಾಗಿ ಐಟಿ ವಿಭಾಗದ ಬಳಿ ಇರುತ್ತದೆ, ಅವರಿಗೇ ತಿಳಿಸಿ.

ರಿಕವರಿ ಪರದೆಗೆ ಹೋಗುವುದು ಹೇಗೆ?

ವಿಂಡೋಸ್ ಲೋಗೋ ಕಾಣುತ್ತಿದ್ದಂತೆ ಪವರ್ ಬಟನ್ ಅನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಬಾರಿ ಮಾಡಿದರೆ ವಿಂಡೋಸ್ ಸಮಸ್ಯೆಯನ್ನು ಗುರುತಿಸಿ 'ಆಟೋಮ್ಯಾಟಿಕ್ ರಿಪೇರ್' ಪರದೆಗೆ ಹೋಗುತ್ತದೆ. ಅಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್', ನಂತರ 'ಟ್ರಬಲ್‌ಶೂಟ್' ಆಯ್ಕೆ ಮಾಡಿ.

ಹೀಗೆ ಮಾಡಿದರೂ ಬಾರದಿದ್ದರೆ ಬೇರೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ 'ಮೀಡಿಯಾ ಕ್ರಿಯೇಷನ್ ಟೂಲ್' ಬಳಸಿ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹಾಕಿಕೊಳ್ಳಿ. ಅದರಿಂದ ಬೂಟ್ ಮಾಡಿದಾಗ ಇನ್‌ಸ್ಟಾಲ್ ಒತ್ತಬೇಡಿ, ಕಂಪ್ಯೂಟರ್ ರಿಪೇರಿ ಮಾಡುವ ಆಯ್ಕೆಯನ್ನು ಒತ್ತಿ.

ಈ ಕ್ರಮದಲ್ಲೇ ಮಾಡಿ

ಕಡಿಮೆ ಅಪಾಯದ ಉಪಾಯ ಮೊದಲು, ಹೆಚ್ಚು ಅಪಾಯದ್ದು ಕೊನೆಗೆ. ಇದೇ ಇಲ್ಲಿನ ಸೂತ್ರ.

1. ಸ್ಟಾರ್ಟಪ್ ರಿಪೇರ್: ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿರುವ ಈ ಆಯ್ಕೆಯನ್ನು ಒಮ್ಮೆ ಓಡಿಸಿ ನೋಡಿ. ನಿಮ್ಮ ಫೈಲ್‌ಗಳನ್ನು ಇದು ಮುಟ್ಟುವುದಿಲ್ಲ.

2. ಸಿಸ್ಟಂ ರಿಸ್ಟೋರ್: ಅನ್‌ಇನ್‌ಸ್ಟಾಲ್ ಮಾಡುವ ಮುಂಚಿನ ದಿನಾಂಕದ ರಿಸ್ಟೋರ್ ಪಾಯಿಂಟ್ ಇದ್ದರೆ ಅದನ್ನು ಆರಿಸಿ. ರಿಜಿಸ್ಟ್ರಿ, ಡ್ರೈವರ್‌ಗಳು ಹಳೆಯ ಸ್ಥಿತಿಗೆ ಮರಳುತ್ತವೆ. ನೀವು ತೆಗೆದ ಸಾಫ್ಟ್‌ವೇರ್ ಕೂಡ ಹಿಂದಿರುಗಬಹುದು, ಅದನ್ನು ಆಮೇಲೆ ಸರಿಯಾಗಿ ತೆಗೆಯಬಹುದು. ಫೋಟೋ, ದಾಖಲೆಗಳಿಗೆ ತೊಂದರೆಯಿಲ್ಲ. ಈ ಸಮಸ್ಯೆಗೆ ಇದು ಉತ್ತಮ ಮದ್ದು. ಆದರೆ ಹಲವು ಕಂಪ್ಯೂಟರ್‌ಗಳಲ್ಲಿ ಈ ಸೌಲಭ್ಯ ಆಫ್ ಆಗಿರುತ್ತದೆ.

3. ರೀಸ್ಟಾರ್ಟ್ ನಿಲ್ಲಿಸಿ, ಕೋಡ್ ಓದಿ: 'ಸ್ಟಾರ್ಟಪ್ ಸೆಟ್ಟಿಂಗ್ಸ್' ಆರಿಸಿ ರೀಸ್ಟಾರ್ಟ್ ಮಾಡಿದರೆ ಒಂಬತ್ತು ಆಯ್ಕೆಗಳ ಪಟ್ಟಿ ಬರುತ್ತದೆ. 9 ಒತ್ತಿದರೆ ಕುಸಿದ ಮೇಲೆ ತಾನಾಗಿ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ. ನೀಲಿ ಪರದೆ ಅಥವಾ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಕಪ್ಪು ಪರದೆ ಹಾಗೇ ನಿಲ್ಲುತ್ತದೆ. ಅದರಲ್ಲಿರುವ ಸ್ಟಾಪ್ ಕೋಡ್‌ನ ಫೋಟೋ ತೆಗೆದುಕೊಳ್ಳಿ. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದಿದ್ದರೆ ಡಿಸ್ಕ್‌ಗೆ ಸಂಬಂಧಿಸಿದ ಡ್ರೈವರ್ ಮೇಲೆ ಅನುಮಾನ ಪಡಬಹುದು. ಕೆಲವೊಮ್ಮೆ ತಪ್ಪು ಮಾಡಿದ ಡ್ರೈವರ್ ಫೈಲ್‌ನ ಹೆಸರೇ ಅಲ್ಲಿ ಕಾಣುತ್ತದೆ.

4. ಸೇಫ್ ಮೋಡ್: ಅದೇ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್. ಇಲ್ಲಿ ವಿಂಡೋಸ್ ಅತ್ಯಗತ್ಯ ಡ್ರೈವರ್‌ಗಳಿಂದಷ್ಟೇ ಶುರುವಾಗುತ್ತದೆ. ಲಾಗಿನ್‌ನಲ್ಲಿ ಪಿನ್ ಕೆಲಸ ಮಾಡದಿರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಸೇಫ್ ಮೋಡ್‌ನಲ್ಲಿ ಏನು ಮಾಡಬೇಕು?

ಒಳಗೆ ಹೋದ ತಕ್ಷಣ ಮೊದಲ ಕೆಲಸ, ಮುಖ್ಯ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡುವುದು. ರಿಪೇರಿ ಏನಿದ್ದರೂ ಆಮೇಲೆ.

ನಂತರ ಉಳಿಕೆಗಳನ್ನು ತೆಗೆಯಿರಿ. ನಾರ್ಟನ್, ಮ್ಯಾಕ್‌ಅಫೀ, ಅವಾಸ್ಟ್, ಈಸೆಟ್ ಮುಂತಾದ ಆಂಟಿವೈರಸ್ ಕಂಪನಿಗಳು ತಮ್ಮ ಸಾಫ್ಟ್‌ವೇರ್‌ನ ಉಳಿಕೆಗಳನ್ನು ಪೂರ್ತಿ ತೆಗೆಯಲೆಂದೇ ಪ್ರತ್ಯೇಕ ರಿಮೂವಲ್ ಟೂಲ್ ಕೊಡುತ್ತವೆ. ಕಂಪನಿಯ ಅಧಿಕೃತ ವೆಬ್‌ಸೈಟ್‌ನಿಂದಲೇ ಅದನ್ನು ಇಳಿಸಿಕೊಳ್ಳಿ. ಈಸೆಟ್‌ನ ಟೂಲ್ ಅನ್ನು ಸೇಫ್ ಮೋಡ್‌ನಲ್ಲೇ ಓಡಿಸಬೇಕು. ಇನ್ನೊಂದು ವಿಷಯ ಗೊತ್ತಿರಲಿ, ಸೇಫ್ ಮೋಡ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ಸಾಮಾನ್ಯವಾಗಿ ಓಡುವುದಿಲ್ಲ. ಹಾಗಾಗಿ ಕಂಟ್ರೋಲ್ ಪ್ಯಾನೆಲ್ ಮೂಲಕ ಕೆಲವು ಸಾಫ್ಟ್‌ವೇರ್ ತೆಗೆಯಲು ಹೋದರೆ ದೋಷ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ರಿಜಿಸ್ಟ್ರಿಯಲ್ಲಿ 'ಅಪ್ಪರ್ ಫಿಲ್ಟರ್ಸ್', 'ಲೋವರ್ ಫಿಲ್ಟರ್ಸ್' ಎಂಬ ಎರಡು ನಮೂದುಗಳನ್ನು ಅಳಿಸಿ ಎಂಬ ಸಲಹೆ ಯೂಟ್ಯೂಬ್ ವಿಡಿಯೊಗಳಲ್ಲಿ ಸಿಗಬಹುದು. ಕಣ್ಣುಮುಚ್ಚಿ ಪಾಲಿಸಬೇಡಿ! ಬಿಟ್‌ಲಾಕರ್ ಸೇರಿದಂತೆ ವಿಂಡೋಸ್‌ನ ಸ್ವಂತ ಡ್ರೈವರ್‌ಗಳ ಹೆಸರೂ ಅಲ್ಲೇ ಇರುತ್ತದೆ. ತೆಗೆಯಬೇಕಾದದ್ದು ನೀವು ಅನ್‌ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್‌ನ ಹೆಸರನ್ನು ಮಾತ್ರ. ಇಡೀ ನಮೂದು ಅಳಿಸಿದರೆ ಸೇಫ್ ಮೋಡ್ ಕೂಡ ತೆರೆಯದೇ ಹೋಗಬಹುದು. ಅನುಭವ ಇಲ್ಲದಿದ್ದರೆ ಈ ಕೆಲಸ ತಂತ್ರಜ್ಞರಿಗೆ ಬಿಡಿ.

ಸೇಫ್ ಮೋಡ್ ಕೂಡ ಬರದಿದ್ದರೆ?

ಆಗಲೂ ಫೈಲ್ ಉಳಿಸಿಕೊಳ್ಳುವ ದಾರಿ ಇದೆ. ಉಬುಂಟುವಿನಂಥ ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಡಿಸ್ಕ್‌ನಲ್ಲಿ ಇನ್‌ಸ್ಟಾಲ್ ಮಾಡಬೇಕಿಲ್ಲ. 'ಟ್ರೈ ಉಬುಂಟು' ಆರಿಸಿ, ಡಿಸ್ಕ್ ತೆರೆದು ಬೇಕಾದ್ದನ್ನು ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ ಕೀ ಬೇಕು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನೇ ಬಳಸುತ್ತದೆ. ಹಾಗಾಗಿ ಕಾಸರಗೋಡಿನ ಶಾಲೆಗಳಲ್ಲಿ ಓದಿದ ಮಕ್ಕಳು ಮನೆಯಲ್ಲಿದ್ದರೆ ಈ ಪರದೆ ಅವರಿಗೆ ಹೊಸದೇನಲ್ಲ, ಅವರ ಸಹಾಯ ಪಡೆಯಿರಿ.

ಫೈಲ್‌ಗಳು ಸುರಕ್ಷಿತವಾದ ಮೇಲಷ್ಟೇ ಕೊನೆಯ ಅಸ್ತ್ರ 'ರೀಸೆಟ್ ದಿಸ್ ಪಿಸಿ'. ಇದರಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೆ ವೈಯಕ್ತಿಕ ಫೈಲ್‌ಗಳು ಉಳಿಯುತ್ತವೆ, ಆದರೆ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳೆಲ್ಲ ಹೋಗುತ್ತವೆ. 'ರಿಮೂವ್ ಎವರಿಥಿಂಗ್' ಒತ್ತಿದರೆ ಎಲ್ಲವೂ ಹೋಗುತ್ತದೆ. ಎರಡು ಆಯ್ಕೆಗಳೂ ಒಂದೇ ಪರದೆಯಲ್ಲಿ ಇರುವುದರಿಂದ ಓದಿ ಒತ್ತಿ.

ಅಂಗಡಿಗೆ ಕೊಡುವಾಗ ಹೇಳಬೇಕಾದ ಮಾತು

ಯಾವ ಸಾಫ್ಟ್‌ವೇರ್ ತೆಗೆದ ಮೇಲೆ ಹೀಗಾಯಿತು ಎಂದು ಹೇಳಿ. ಸ್ಟಾಪ್ ಕೋಡ್ ಫೋಟೋ ತೋರಿಸಿ. 'ನನ್ನ ಡೇಟಾ ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ' ಎಂದು ರಸೀದಿಯಲ್ಲೇ ಬರೆಸಿ.

ಮುಂದೆ ಹೀಗಾಗದಿರಲು

* ಆಂಟಿವೈರಸ್, ಬ್ಯಾಕಪ್, ಡಿಸ್ಕ್ ಟೂಲ್ ತೆಗೆಯುವ ಮುನ್ನ ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ.
* ಪ್ರೋಗ್ರಾಂ ಫೈಲ್ಸ್‌ನಿಂದ ಫೋಲ್ಡರ್ ನೇರವಾಗಿ ಅಳಿಸಬೇಡಿ, ಅನ್‌ಇನ್‌ಸ್ಟಾಲ್ ಆಯ್ಕೆಯನ್ನೇ ಬಳಸಿ.
* ಒಂದು ಬಾರಿಗೆ ಒಂದೇ ಸಾಫ್ಟ್‌ವೇರ್ ತೆಗೆಯಿರಿ. ರೀಸ್ಟಾರ್ಟ್ ಮಾಡಿ ಸರಿಯಿದೆ ಎಂದು ನೋಡಿ, ಆಮೇಲೆ ಮುಂದಿನದು.
* ಡಿಸ್ಕ್ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ತೆಗೆಯುವ ಮೊದಲು ಡಿಸ್ಕ್ ಅನ್ನು ಪೂರ್ತಿ ಡೀಕ್ರಿಪ್ಟ್ ಮಾಡಿ.
* ಬಿಟ್‌ಲಾಕರ್ ಕೀ ಕಾಗದದಲ್ಲಿ ಬರೆದು ಮನೆಯಲ್ಲಿಡಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಪ್ರಯೋಜನವಿಲ್ಲ.

ಅಂದಹಾಗೆ, 2024ರ ಅವಾಂತರದ ನಂತರ ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ 'ಕ್ವಿಕ್ ಮೆಷಿನ್ ರಿಕವರಿ' ಎಂಬ ಸೌಲಭ್ಯ ತಂದಿದೆ. ಬೂಟ್ ಆಗದ ಕಂಪ್ಯೂಟರ್ ರಿಕವರಿ ಪರದೆಯಿಂದಲೇ ಇಂಟರ್ನೆಟ್‌ಗೆ ಸೇರಿ ಪರಿಹಾರ ಹುಡುಕಬಲ್ಲದು. ಆದರೆ ಇದು ಬಹಳ ಯಂತ್ರಗಳನ್ನು ಒಮ್ಮೆಲೇ ಕಾಡುವ ತೊಂದರೆಗಳಿಗೆಂದು ರೂಪಿಸಿದ್ದು. ನಿಮ್ಮ ಒಂದು ಲ್ಯಾಪ್‌ಟಾಪ್‌ನ ಸಮಸ್ಯೆಗೆ ಮೇಲಿನ ಹಂತಗಳೇ ಗತಿ. ಲೋಗೋ ಎಷ್ಟು ಸಲ ತಿರುಗಿದರೂ ಫಾರ್ಮ್ಯಾಟ್‌ಗೆ ಅವಸರ ಬೇಡ, ಮೊದಲು ಕೀ, ನಂತರ ಫೈಲ್, ಕೊನೆಗೆ ರಿಪೇರಿ.