ಟಿ.ವಿ. ಹಿಂದಿನ ಒಂದೇ ತೂತು

1999ರ ಅಕ್ಟೋಬರ್ 6, ಬುಧವಾರ. ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ನಡೆದಿದ್ದ ಚುನಾವಣೆಯ ಮತ ಎಣಿಕೆ. ಸುರಪುರದ ನಮ್ಮ ಮನೆಯಲ್ಲಿ ಅವತ್ತು ಜಗಳ ಆಗಿದ್ದು ಯಾವ ಪಕ್ಷ ಗೆಲ್ಲಬೇಕು ಅಂತಲ್ಲ. ಟಿ.ವಿ. ಹಿಂದಿನ ತೂತು ಯಾರಿಗೆ ಸೇರಬೇಕು ಅಂತ.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಟಿ.ವಿ.ಗೆ ಎಚ್‌ಡಿಎಂಐ ಹೋಗಲಿ, ಹಳದಿ-ಕೆಂಪು-ಬಿಳಿ ಪಿನ್ನುಗಳೂ ಇರಲಿಲ್ಲ. ಆಂಟೆನಾ ವೈರು ಚುಚ್ಚೋಕೆ ಒಂದೇ ತೂತು. ಕೇಬಲ್ಲೂ ಅಲ್ಲಿಗೇ, ವಿಡಿಯೋ ಗೇಮೂ ಅಲ್ಲಿಗೇ. ಗೇಮಿನ ಡಬ್ಬಿ ಒಂದು ಪುಟ್ಟ ಟಿ.ವಿ. ಸ್ಟೇಷನ್ ಥರ ಸಿಗ್ನಲ್ ಕಳಿಸುತ್ತಿತ್ತು, ನಾವು ಖಾಲಿ ಚಾನಲ್ಲೊಂದನ್ನ ತಿರುವಿ ತಿರುವಿ ಅದನ್ನ ಹಿಡಿಯಬೇಕು. ಅಂದ್ರೆ ಗೇಮ್ ಹಾಕಿದರೆ ಉದಯ ಟಿ.ವಿ. ಹೋಯ್ತು, ದೂರದರ್ಶನವೂ ಹೋಯ್ತು. ಎರಡನ್ನೂ ಒಟ್ಟಿಗೆ ನೋಡೋ ದಾರಿಯೇ ಇರಲಿಲ್ಲ.

ಗೇಮ್ ನಮ್ಮದಲ್ಲ. ಓಣಿಯ ಗೆಳೆಯನೊಬ್ಬನದು. ಅವನಪ್ಪ ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಗುಳೆ ಹೋಗುತ್ತಿದ್ದರು, ಒಂದು ಸಲ ಬರುವಾಗ ಕೋಠಿಯಿಂದ ತಂದಿದ್ದರು. ವಿಚಿತ್ರ ಅಂದ್ರೆ ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ. ಅಪ್ಪನಿಗೆ ಸರ್ಕಾರಿ ನೌಕರಿ ಇದ್ದಿದ್ದರಿಂದ ನಮ್ಮಲ್ಲಿ ಟಿ.ವಿ. ಇತ್ತು, ಗೇಮ್ ಇರಲಿಲ್ಲ. ಹಾಗಾಗಿ ಯಾರು ಯಾರಿಗೆ ಕಡ ಕೊಡುತ್ತಿದ್ದರು ಅಂತ ಈಗಲೂ ನನಗೆ ಸರಿಯಾಗಿ ಹೇಳೋಕಾಗಲ್ಲ.

"ಐದು ವರ್ಷಕ್ಕೊಮ್ಮೆ ಬರ್ತದಪಾ ಇದು. ನಿಮ್ಮ ಆಟ ನಾಳಿ ಆಡ್ರಿ" ಅಂದರು ಅಪ್ಪ. 1996, 1998, 1999 ಅಂತ ಲೋಕಸಭೆಗೇ ಮೂರನೇ ಚುನಾವಣೆ ಅದು. ಐದು ವರ್ಷದ ಮಾತು ಎಲ್ಲಿಂದ ಬಂತೋ.

ಆಗಿನ ಎಣಿಕೆ ಈಗಿನ ಹಾಗೆ ಊಟದ ಹೊತ್ತಿಗೆ ಮುಗಿಯುತ್ತಿರಲಿಲ್ಲ. ನಮ್ಮ ಕಡೆ ಇನ್ನೂ ಮತಪತ್ರ. ಪೆಟ್ಟಿಗೆ ಒಡೆದು, ಚೀಟಿ ಬಿಡಿಸಿ, ಗುರುತುವಾರು ವಿಂಗಡಿಸಿ, ಕಟ್ಟು ಕಟ್ಟಿ ಎಣಿಸಬೇಕು. ಅದರಲ್ಲೂ ಎರಡೆರಡು ಚುನಾವಣೆಯ ಚೀಟಿ. ರಾತ್ರಿ ಪೂರ್ತಿ ಮುನ್ನಡೆ, ಹಿನ್ನಡೆ. ಎಂಬತ್ತರ ದಶಕದಲ್ಲಿ ದೂರದರ್ಶನ ಫಲಿತಾಂಶದ ನಡುನಡುವೆ ಹಿಂದಿ ಸಿನಿಮಾ ಹಾಕುತ್ತಿತ್ತಂತೆ. ನಮ್ಮ ಕಾಕಾಗೆ ಎಲೆಕ್ಷನ್ ಅಂದರೆ ಇವತ್ತಿಗೂ ಸಿನಿಮಾ ನೆನಪಾಗುತ್ತೆ. ಅವರೇ ನಮ್ಮ ಪರ ರಾಜಿ ಮಾಡಿಸಿದ್ದು: "ಅಣ್ಣಾ, ಅಡ್ವರ್ಟೈಸ್ ಬಂದಾಗ ಹುಡುಗ್ರು ಆಡ್ಲಿ ಬಿಡು." ಪ್ರತಿ ಸಲ ವೈರು ಕಿತ್ತು ಹಾಕಿ, ಚಾನಲ್ ಹಿಡಿದು, ಕ್ಯಾಸೆಟ್ಟಿಗೆ ಊದಿ ಚುಚ್ಚೋ ಹೊತ್ತಿಗೆ ಜಾಹೀರಾತೇ ಮುಗಿದಿರುತ್ತಿತ್ತು.

ನಮ್ಮ ಸೀಮೆಯಲ್ಲಿ ಈ ಕಡದ ಕತೆ ಅಲ್ಲಿಂದ ಶುರುವಾಗಿದ್ದಲ್ಲ. ಮೊದಲ ಟಿ.ವಿ.ಯೇ ಇಲ್ಲಿಗೆ ಕಡದ ಸಾಮಾನಾಗಿ ಬಂತು. 1975ರ ಆಗಸ್ಟ್ 1ರಂದು ಇಸ್ರೋದ 'ಸೈಟ್' ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಉಪಗ್ರಹದಿಂದ ಟಿ.ವಿ. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರಿನ ಸುತ್ತಮುತ್ತ ಅಲ್ಲ. ವಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆಗಳ ಹಳ್ಳಿಗಳನ್ನ. ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ಗುಲಬರ್ಗಾದ ತಾಲ್ಲೂಕುಗಳೇ; ಯಾದಗಿರಿ ಜಿಲ್ಲೆ ಆಗಿದ್ದು 2009ರ ಕೊನೆಗೆ. ಶಾಲೆ, ಪಂಚಾಯ್ತಿ ಕಟ್ಟಡಗಳ ಮೇಲೆ ಜಾಲರಿಯ ದೊಡ್ಡ ಆಂಟೆನಾ, ಕೆಳಗೆ ಒಂದು ಟಿ.ವಿ., ಮುಂದೆ ಇಡೀ ಊರು. ಉಪಗ್ರಹ ಮಾತ್ರ ನಮ್ಮದಲ್ಲ, ಅಮೆರಿಕದ ನಾಸಾದ ಎಟಿಎಸ್-6. ಒಂದು ವರ್ಷದ ಮಟ್ಟಿಗೆ ಕಡ ತಂದಿದ್ದು. 1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹ ವಾಪಸ್. ಬೆಂಗಳೂರಿನ ಜನ ಇನ್ನೂ ರೇಡಿಯೋ ಕೇಳುತ್ತಿದ್ದಾಗ ನಮ್ಮ ಕಡೆಯ ಹಳ್ಳಿಗರು ಟಿ.ವಿ. ನೋಡಿ, ಅದು ಕೈತಪ್ಪಿದ್ದನ್ನೂ ನೋಡಿದ್ದರು. ಆಫೀಸಿನಲ್ಲಿ ಯಾರಾದರೂ "ಹಿಂದುಳಿದ ಜಿಲ್ಲೆ" ಅಂದಾಗ ನಾನು ಈ ವಿಷಯ ಎತ್ತದೆ ಬಿಡಲ್ಲ.

ಇನ್ನು ಗೇಮಿನ ಡಬ್ಬಿ. ಅದರ ವಂಶವೂ ಹೀಗೇ. ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ಯಂತ್ರ ಬಿಟ್ಟಿತು. ತೈವಾನ್, ಚೀನಾದ ಕಾರ್ಖಾನೆಗಳು ಅದನ್ನ ನಕಲು ಹೊಡೆದವು. ಅದೇ ನಕಲು ರಷ್ಯಾದಲ್ಲಿ 'ಡೆಂಡಿ' ಆಯಿತು; ನಮ್ಮಲ್ಲಿ ಸಮುರಾಯ್, ಟರ್ಮಿನೇಟರ್, ಲಿಟ್ಲ್ ಮಾಸ್ಟರ್. ಪೇಟೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು: ಟಿ.ವಿ. ಗೇಮ್. ಕ್ಯಾಸೆಟ್ಟಿನ ಮೇಲೆ 9999999 ಆಟ ಅಂತ ಇರುತ್ತಿತ್ತು, ಒಳಗೆ ಇಪ್ಪತ್ತು ಮೂವತ್ತು. ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಚುನಾವಣಾ ಪ್ರಣಾಳಿಕೆ ಓದಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಕಾಂಟ್ರಾದಲ್ಲಿ 30 ಜೀವ ಸಿಗೋ ಗುಟ್ಟು ನಿಮಗೂ ನೆನಪಿರಬಹುದು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕೊನಾಮಿ ಕಂಪನಿಯ ಪ್ರೋಗ್ರಾಮರ್ ಕಝುಹಿಸಾ ಹಶಿಮೊಟೊ 1986ರ ಗ್ರೇಡಿಯಸ್ ಆಟವನ್ನ ಪರೀಕ್ಷೆ ಮಾಡೋಕೆ ಕಷ್ಟ ಅಂತ ತನಗೋಸ್ಕರ ಸೇರಿಸಿಕೊಂಡ ಕಳ್ಳದಾರಿ ಅದು. ಅದು ಇಂಟರ್ನೆಟ್ ಇಲ್ಲದ ಸುರಪುರಕ್ಕೆ ಬಾಯಿಂದ ಬಾಯಿಗೆ ಬಂದು ಮುಟ್ಟಿತ್ತು. ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸೋ ಅಂಗಡಿಯಲ್ಲಿ ನನ್ನ ಗೆಳೆಯ ಅದನ್ನ ಕಲಿತು ಬಂದು, ನನಗೆ ಹೇಳೋ ಮುಂಚೆ ಎರಡು ದಿನ ಸತಾಯಿಸಿದ್ದ.

ಆದರೆ ನಮ್ಮಿಬ್ಬರದ್ದು ಟ್ಯಾಂಕ್ ಗೇಮ್. ನಾಮ್ಕೊ ಕಂಪನಿಯ 1985ರ 'ಬ್ಯಾಟಲ್ ಸಿಟಿ'. ಕೆಳಗೆ ಇಟ್ಟಿಗೆ ಗೋಡೆಯ ನಡುವೆ ಒಂದು ಹದ್ದು; ಮೇಲಿನಿಂದ ಟ್ಯಾಂಕುಗಳು ಬರುತ್ತವೆ; ಹದ್ದಿಗೆ ಗುಂಡು ಬಿದ್ದರೆ ಕತೆ ಮುಗೀತು. ಇಬ್ಬರೂ ಒಟ್ಟಿಗೇ ಕಾಯಬೇಕು. ಸುರಪುರದ ಹುಡುಗರಿಗೆ ಇದನ್ನ ಯಾರೂ ವಿವರಿಸಬೇಕಿರಲಿಲ್ಲ. ಊರ ಪಕ್ಕದ ವಾಗಿನಗೇರಿ ಕೋಟೆಗೆ 1705ರಲ್ಲಿ ಔರಂಗಜೇಬನೇ ಖುದ್ದು ಬಂದು ಮುತ್ತಿಗೆ ಹಾಕಿದ್ದ. ಒಳಗಿದ್ದವರು ನಮ್ಮ ಬೇಡರ ನಾಯಕರು. ಅದು ಅವನ ಕೊನೆಯ ದಂಡಯಾತ್ರೆ. ಕೋಟೆ ಕೈಗೆ ಸಿಕ್ಕಿತು, ನಾಯಕರು ಸಿಗಲಿಲ್ಲ. ಗೆಳೆಯ ಪ್ರತಿ ಸಲ ಹದ್ದಿನ ಪಕ್ಕ ಟ್ಯಾಂಕ್ ನಿಲ್ಲಿಸಿಕೊಂಡು "ನಾ ಇಲ್ಲಿ ಕಾಯ್ತೀನಿ, ನೀ ಹೋಗಿ ಹೊಡಿ" ಅನ್ನುತ್ತಿದ್ದ. ನಾನು ಮೇಲೆ ಹೋಗಿ ಹೊಡೆದು ಪಾಯಿಂಟ್ ಮಾಡಿಕೊಳ್ಳುತ್ತಿದ್ದೆ.

ಅವತ್ತು ರಾತ್ರಿ ಅವನು ಹೊಸ್ತಿಲ ಹತ್ತಿರ, ಯಾವಾಗಲೂ ಕೂರೋ ಜಾಗದಲ್ಲಿ ಕೂತಿದ್ದ. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗ್ತಾರೆ ಅಂತ ಹಿರಿಯರು ಮಾತಾಡೋದನ್ನ ಕೇಳುತ್ತಾ ಹತ್ತೂವರೆ ತನಕ ಕಾದ. ಆಮೇಲೆ ಅವನವ್ವ ಬಂದು ಕರೆದಳು. "ಡಬ್ಬಿ ಇಟ್ಕೋ, ಮುಂಜಾನೆ ಕೊಡು" ಅಂತ ಎದ್ದು ಹೋದ. ಹನ್ನೆರಡು ದಾಟಿದ ಮೇಲೆ ಅಪ್ಪ ಕುರ್ಚಿಯಲ್ಲೇ ಗೊರಕೆ ಹೊಡೆಯೋಕೆ ಶುರು ಮಾಡಿದರು. ನಾನು ಮೆಲ್ಲಗೆ ಕೇಬಲ್ ಕಿತ್ತು, ಸೌಂಡ್ ಪೂರ್ತಿ ಇಳಿಸಿ, ಕರೆಂಟ್ ಹೋಗೋವರೆಗೂ ಒಬ್ಬನೇ ಆಡಿದೆ. ಬೆಳಿಗ್ಗೆ ಡಬ್ಬಿ ಕೊಟ್ಟೆ. "ಆಡಿದೇನು?" ಅಂದ. ಇಲ್ಲ ಅಂದೆ.

ಆಮೇಲೆ ಎಣಿಕೆಯ ರಾತ್ರಿಗಳೇ ಮುಗಿದುಹೋದವು. 2004ರಲ್ಲಿ ದೇಶದ 543 ಲೋಕಸಭಾ ಕ್ಷೇತ್ರಗಳಲ್ಲೂ ಮತಯಂತ್ರ ಬಂತು. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ತಯಾರಿಸಿದ, ಗುಂಡಿ ಒತ್ತಿದರೆ 'ಬೀಪ್' ಅನ್ನೋ ಡಬ್ಬಿ. ಆ ವರ್ಷ ಮೇ 13ರಂದು ವಿಧಾನಸಭೆಯ ಎಣಿಕೆ ಹಗಲಲ್ಲೇ ಮುಗಿಯಿತು. ಸುರಪುರದಲ್ಲಿ ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷ ಗೆದ್ದಿತ್ತು, ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಬಂದ ಒಂದೇ ಸೀಟು. ರಾಜ್ಯಕ್ಕೆ ಮಾತ್ರ ಯಾರಿಗೂ ಬಹುಮತ ಇಲ್ಲ: ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ನಮ್ಮ ಜೇವರ್ಗಿಯ ಧರ್ಮಸಿಂಗ್ ಪ್ರಮಾಣವಚನ ತಗೊಂಡಿದ್ದು ಮೇ 28ಕ್ಕೆ. ಅವತ್ತು ಸಂಜೆ ಟಿ.ವಿ. ಖಾಲಿ ಇತ್ತು, ಯಾರೂ ತಡೆಯೋರಿರಲಿಲ್ಲ. ಗೇಮ್ ತರೋಕೆ ಗೆಳೆಯನೇ ಇರಲಿಲ್ಲ. ಶಾಲೆ ಬಿಟ್ಟು, ಮನೆಮಂದಿ ಜತೆ ಬೆಂಗಳೂರಿಗೆ ಗುಳೆ ಹೋಗಿ ಎರಡು ವರ್ಷ ಆಗಿತ್ತು.

ನಾನೂ ಅದೇ ಬೆಂಗಳೂರಿಗೆ ಬಂದೆ, ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು. ರೂಮಿನಲ್ಲಿ ವೈಸ್ ಸಿಟಿ, ಕೌಂಟರ್ ಸ್ಟ್ರೈಕ್. ಪೆನ್‌ಡ್ರೈವಿನಲ್ಲಿ ಕಾಪಿ ಮಾಡಿಕೊಳ್ಳೋದು, ವಾಪಸ್ ಕೊಡೋ ಮಾತೇ ಇಲ್ಲ. ಆಮೇಲೆ 2016ರಲ್ಲಿ ಜಿಯೋ, ಅದರ ಬೆನ್ನಿಗೇ ಪಬ್‌ಜಿ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನ ನಿಷೇಧಿಸಿದಾಗ, ದುಡ್ಡು ಕೊಟ್ಟು ಬಂದೂಕಿನ ಸ್ಕಿನ್ ಕೊಂಡಿದ್ದ ಟೀಮ್‌ಮೇಟ್ ಒಬ್ಬ ಊಟ ಬಿಟ್ಟಿದ್ದ. ಎಟಿಎಸ್-6 ಕತೆ ಹೇಳೋಣ ಅನ್ನಿಸ್ತು, ಸುಮ್ಮನಾದೆ.

2024ರ ಜೂನ್ 4ಕ್ಕೆ ಲೋಕಸಭೆಯ ಜತೆ ಸುರಪುರದ ಉಪಚುನಾವಣೆ ಎಣಿಕೆಯೂ ಇತ್ತು. ಊರಿಗೆ ಹೋಗಿದ್ದೆ. ಅಕ್ಕನ ಮಗ ಒಂದು ಮೊಬೈಲಿನಲ್ಲಿ ಬಿಜಿಎಂಐ ಆಡುತ್ತಿದ್ದ, ಅಪ್ಪ ಇನ್ನೊಂದರಲ್ಲಿ ಫಲಿತಾಂಶ ನೋಡುತ್ತಿದ್ದರು, ಟಿ.ವಿ. ಆಫ್. ಒಂದು ಮ್ಯಾಚ್ ಆಡ್ತೀನಿ ಕೊಡೋ ಅಂದೆ. "ಇದು ನನ್ನ ಐಡಿ ಅದ ಮಾಮಾ, ರ‍್ಯಾಂಕ್ ಹೋಗ್ತದ. ನಿಂದು ಡೌನ್‌ಲೋಡ್ ಮಾಡ್ಕೋ, ಫ್ರೀನೇ ಅದ" ಅಂದ.

ಅಟ್ಟದ ಮೇಲಿನ ಟ್ರಂಕಿನಲ್ಲಿ ಟ್ಯಾಂಕ್ ಗೇಮಿನ ಹಳದಿ ಕ್ಯಾಸೆಟ್ ಇನ್ನೂ ಇದೆ. ಡಬ್ಬಿ ಕೊಟ್ಟ ದಿನ ಕ್ಯಾಸೆಟ್ ಅದರೊಳಗೆ ಇರಲಿಲ್ಲ. ನಾಳೆ ಕೊಡ್ತೀನಿ ಅಂದಿದ್ದೆ, ಅವನೂ ಆಮೇಲೆ ಕೇಳಲಿಲ್ಲ. ಹಿಂದೆ ಮೊಳೆಯಿಂದ ಅವನ ಹೆಸರಿನ ಮೊದಲ ಅಕ್ಷರ ಕೆತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ಎದುರು ಹೊಸ ಕಟ್ಟಡ ಏಳುತ್ತಿದೆ. ಶೆಡ್ಡುಗಳ ಕಡೆಯಿಂದ ನಮ್ಮ ಸೀಮೆಯ ಮಾತು ಕೇಳಿದಾಗೆಲ್ಲ ಬಾಲ್ಕನಿಗೆ ಬಂದು ನಿಂತು ನೋಡ್ತೀನಿ.